ಬದುಕಿದ್ದವನ್ನು ಮಾತ್ರ ಎಣಿಸಿದವಳು

ಟಕ್!

ಅಷ್ಟೇ ಸದ್ದು. ಅವಳ ಕಣ್ಣೆದುರೇ ಅವನು ಆ ಕೋಳಿಯ ಕತ್ತು ಮುರಿದಿದ್ದ.

"ಅಯ್ಯೋ! ಏನ್ರೀ ಮಾಡಿದ್ರಿ ನೀವು?!"

ಅವನು ತಿರುಗಿ ನೋಡಿದ. ಕೈಯಲ್ಲಿದ್ದ ಕೋಳಿ ಎರಡು ಸಲ ರೆಕ್ಕೆ ಬಡಿದು ಸುಮ್ಮನಾಯಿತು.

"ಸಾಯಿಸಿದೆ," ಎಂದ, ಗಂಟೆ ಎಷ್ಟಾಯಿತು ಎಂದು ಕೇಳಿದವರಿಗೆ ಹೇಳುವ ಹಾಗೆ. "ಎದೆಮೂಳೆ ಎರಡು ತುಂಡಾಗಿತ್ತು. ಬಿಟ್ಟಿದ್ರೆ ಇನ್ನೂ ನಾಲ್ಕು ದಿನ ನರಳ್ತಿತ್ತು. ನರಳ್ಲಿ ಅಂತೀರಾ?"

"ನೀವು... ನೀವು ಡಾಕ್ಟರ್ ಅಲ್ವಾ?"

"ಅದಕ್ಕೇ ಒಂದೇ ಏಟಿಗೆ ಆಯ್ತು. ಬೇರೆಯವರಾಗಿದ್ರೆ ಮೂರು ಸಲ ತಿರುಚ್ತಿದ್ರು. ಬರ್ಕೊಳ್ಳಿ ಮೇಡಂ, ಅದನ್ನೂ ಬರ್ಕೊಳ್ಳಿ."

ಎಂಥ ಕಟುಕ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹಾಳೆ ತೆಗೆದು ಬರೆದುಕೊಂಡಳು. ಬರೆದುಕೊಳ್ಳುವುದೇ ಅವಳ ಕೆಲಸ.

ಪ್ರಾಣಿಗಳ ಪರ ವಾದಿಸುವ ಒಂದು ಸಂಸ್ಥೆಯಲ್ಲಿ ಅವಳು ಸಂಶೋಧಕಿ. ಫಲಕ ಹಿಡಿದು ಬೀದಿಯಲ್ಲಿ ಕೂಗುವ ಗೆಳೆಯರನ್ನು ಕಂಡರೆ ಮೂಗು ಮುರಿಯುತ್ತಿದ್ದಳು. "ನೀವು ಅತ್ತರೆ ಜನ ಪಾಪ ಅಂತಾರೆ, ಮನೆಗೆ ಹೋಗಿ ಊಟ ಮಾಡ್ತಾರೆ. ನಾನು ಅಂಕಿ ಕೊಟ್ಟರೆ ಕಾನೂನು ಬದಲಾಗುತ್ತೆ," ಎನ್ನುವುದು ಅವಳ ಮಾತು. ಶೆಡ್ಡಿನ ಕೆಲಸದವರು ಮೊದಲ ದಿನವೇ ಅವಳಿಗೆ 'ಎಣಿಕೆ ಮೇಡಂ' ಎಂದು ಹೆಸರಿಟ್ಟಿದ್ದರು. ಅವಳಿಗೆ ಅದು ಬೈಗುಳ ಅನ್ನಿಸಲಿಲ್ಲ, ಬಿರುದು ಅನ್ನಿಸಿತು!

ಅವನು ವೈದ್ಯನಾಗಿದ್ದ ಆ ಮೊಟ್ಟೆ ಕಂಪನಿಯ ಶೆಡ್ಡುಗಳಲ್ಲಿ ಒಟ್ಟು ನಲವತ್ತು ಸಾವಿರ ಮೊಟ್ಟೆ ಕೋಳಿಗಳಿದ್ದವು. ಒಂದೊಂದು ಪಂಜರಕ್ಕೆ ಎಂಟು. ರೆಕ್ಕೆ ಬಿಚ್ಚಲು ಜಾಗವಿಲ್ಲ. ದೇಹದ ಸುಣ್ಣವೆಲ್ಲ ಮೊಟ್ಟೆಯ ಚಿಪ್ಪಿಗೆ ಹೋಗಿ ಮೂಳೆ ಟೊಳ್ಳಾಗುತ್ತದೆ. ಪಂಜರದ ಸರಳಿಗೆ ಬಡಿದು ಎದೆಮೂಳೆ ಮುರಿಯುತ್ತದೆ. ಮುರಿದರೂ ಮೊಟ್ಟೆ ನಿಲ್ಲುವುದಿಲ್ಲ. ಮೊಟ್ಟೆ ನಿಲ್ಲದ ಮೇಲೆ ಯಾರಿಗೆ ಬೇಕು ಮೂಳೆಯ ಚಿಂತೆ?

ಪಂಜರ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಸರ್ಕಾರ ಒಂದು ಸಮಿತಿ ಮಾಡಿತ್ತು. ಆ ಸಮಿತಿಗೆ ಅವಳು ಎಣಿಸಿ ವರದಿ ಕೊಡಬೇಕಿತ್ತು. ಏಳನೇ ಸಾಲಿನ ಆರುನೂರ ನಲವತ್ತು ಕೋಳಿಗಳಲ್ಲಿ ನೂರನ್ನು ಮುಟ್ಟಿ ನೋಡಿ, ಎಷ್ಟರ ಎದೆಮೂಳೆ ಪೂರ್ತಿ ಮುರಿದಿದೆ ಎಂದು ಬರೆಯಬೇಕು. ಮೂರು ವಾರ ಆ ಸಾಲಿನಲ್ಲಿ ಯಾರೂ ಏನನ್ನೂ ಬದಲಿಸಬಾರದು. ಆಮೇಲೆ ಮತ್ತೆ ನೂರು.

ಅವಳು ಓದಿ ಕಲಿತವಳು, ಮುಟ್ಟಿ ಕಲಿತವಳಲ್ಲ. ಮುಟ್ಟಿ ಕಲಿಸಲು ಆ ಕಟುಕನೇ ಬೇಕಾಯಿತು.

"ಕಣ್ಣು ಮುಚ್ಕೊಳ್ಳಿ."

"ಯಾಕೆ?"

"ಕಣ್ಣು ಬಿಟ್ಟರೆ ಗರಿ ನೋಡ್ತೀರಿ. ಮುಚ್ಚಿದ್ರೆ ಮೂಳೆ ಗೊತ್ತಾಗುತ್ತೆ."

ಅವಳು ಮುಚ್ಚಿದಳು. ಅವಳ ಬೆರಳುಗಳ ಮೇಲೆ ಅವನು ತನ್ನ ಬೆರಳಿಟ್ಟು, ಕೋಳಿಯ ಎದೆಯ ನಡುಗೆರೆಯ ಗುಂಟ ಮೆಲ್ಲನೆ ಎಳೆದ. ಒಂದು ಕಡೆ ಮೂಳೆ ತಟ್ಟನೆ ತಗ್ಗಿತು.

"ಇಲ್ಲಿ... ಗೊತ್ತಾಯ್ತಾ?"

"ಹೂಂ..."

ಗೊತ್ತಾದದ್ದು ಮೂಳೆಯೋ, ಬೇರೇನೋ? ಅವಳ ಕಿವಿ ಬಿಸಿಯಾಯಿತು. ಅದನ್ನು ಯಾವ ಹಾಳೆಯಲ್ಲೂ ಬರೆಯಲಿಲ್ಲ.

ನಾಲ್ಕು ದಿನ ಕಲಿತಳು. ಕೋಳಿಗಳ ಮುಂದೆ ಅವನ ದನಿ ತಾನಾಗಿ ತಗ್ಗುತ್ತದೆ, ಕತ್ತು ಮುರಿದ ಮೇಲೆ ಐದು ನಿಮಿಷ ಯಾರೊಡನೆಯೂ ಮಾತಾಡುವುದಿಲ್ಲ ಎಂಬುದನ್ನೂ ಕಲಿತಳು. ಐದನೇ ದಿನ ಒಬ್ಬಳೇ ಎಣಿಸಿದಳು. ನೂರರಲ್ಲಿ ಇಪ್ಪತ್ತನಾಲ್ಕು. ಕೊನೆಯದು ಅವಳ ಅಂಗೈಯಲ್ಲಿ ಕೂತು, ಉಸಿರೆಳೆದಾಗಲೆಲ್ಲ ಕಿರ್ ಕಿರ್ ಎನ್ನುತ್ತಿತ್ತು.

ಬೀದಿಯಲ್ಲಿ ಅಳುವವರನ್ನು ಆಡಿಕೊಳ್ಳುತ್ತಿದ್ದ ಎಣಿಕೆ ಮೇಡಂ ಅಂದು ಬಿಕ್ಕಿ ಬಿಕ್ಕಿ ಅತ್ತಳು.

"ಇವನ್ನ ಹೀಗೆ ಬಿಟ್ಟು ಹೋಗೋಕಾಗಲ್ಲ ಡಾಕ್ಟ್ರೇ... ಏನಾದ್ರೂ ಮಾಡಿ! ಪ್ಲೀಸ್, ಏನಾದ್ರೂ ಮಾಡಿ!"

ಅವನು ಅವಳ ಕೈಯಿಂದ ಕೋಳಿಯನ್ನು ಮೆಲ್ಲಗೆ ಬಿಡಿಸಿಕೊಂಡ.

ಮುಂದಿನ ಮೂರು ವಾರ ಅವರು ದಿನಾ ಸಂಜೆ ಫೋನಿನಲ್ಲಿ ಮಾತಾಡಿದರು. ಏನು ಮಾತಾಡಿದರು ಎಂದು ಕೇಳಬೇಡಿ, ಅವರಿಗೇ ನೆನಪಿರಲಿಕ್ಕಿಲ್ಲ.

"ಯಾರೇ ಅದು?" ಅವಳ ಅಮ್ಮ ಅಡುಗೆಮನೆಯಿಂದ ಕೇಳುತ್ತಿದ್ದರು.

"ಕೋಳಿ ಡಾಕ್ಟ್ರಮ್ಮ. ಕೆಲಸದ ವಿಷಯ."

"ಮುಕ್ಕಾಲು ಗಂಟೆಯಿಂದ ನಗ್ತಿದ್ದೀಯ. ಕೋಳಿಗಳು ಅಷ್ಟು ಜೋಕ್ ಹೇಳ್ತಾವಾ?"

ಅಮ್ಮನಿಗೆ ತಿಳಿಯಿತು. ಇವಳಿಗೂ ತಿಳಿಯಿತು. 'ಎರಡನೇ ಎಣಿಕೆ ಮುಗೀಲಿ, ನಾನೇ ಬಾಯಿ ಬಿಟ್ಟು ಹೇಳಿಬಿಡ್ತೀನಿ,' ಎಂದುಕೊಂಡಳು.

ಮೊದಲ ಸಲ ಎಣಿಸಿದವರು ಎರಡನೇ ಸಲ ಎಣಿಸಬಾರದು, ಮನಸ್ಸಿನ ಆಸೆ ಬೆರಳಿಗೆ ಇಳಿದುಬಿಡುತ್ತದೆ. ಆ ನಿಯಮ ಮಾಡಿದವಳು ಅವಳೇ. ಹಾಗಾಗಿ ಎರಡನೆಯದನ್ನು ಅವನು ಎಣಿಸಿ ಹಾಳೆ ಕಳಿಸಿದ.

ನೂರರಲ್ಲಿ ಒಂಬತ್ತು.

ಅವಳು ಹಾಳೆಯನ್ನು ಇನ್ನೊಮ್ಮೆ ಓದಿದಳು. ಮೂರು ವಾರದಲ್ಲಿ ಹೆಚ್ಚಾಗಬೇಕಾದ್ದು ಇಪ್ಪತ್ತನಾಲ್ಕರಿಂದ ಒಂಬತ್ತಕ್ಕೆ ಇಳಿಯುವುದೆಂದರೇನು? ಕಂಪನಿಯವರಿಗಂತೂ ಹಬ್ಬ! "ನಮ್ಮ ಪಂಜರದಲ್ಲಿ ಮುರಿದ ಮೂಳೆ ತಾನಾಗೇ ಕೂಡಿಕೊಳ್ಳುತ್ತೆ," ಎಂದು ಸಮಿತಿಗೆ ಬರೆದೇಬಿಟ್ಟರು.

ಅವಳು ನೇರವಾಗಿ ಅವನ ಕೋಣೆಗೆ ನುಗ್ಗಿದಳು.

"ಯಾರ ಮುಖ ಉಳಿಸೋಕೆ ಬರೆದ್ರಿ ಇದನ್ನ?"

"ಕೈಗೆ ಸಿಕ್ಕಿದ್ದನ್ನ ಬರೆದೆ."

"ಸುಳ್ಳು! ಮುರಿದ ಮೂಳೆ ಎಲ್ಲಿಗೆ ಹೋಯ್ತು? ಹಾರಿಹೋಯ್ತಾ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಏನೋ ಹೊಳೆದವನಂತೆ ಮುಚ್ಚಿದ. ಮತ್ತೆ ಕೇಳಿದ, ತುಂಬ ಮೆಲ್ಲಗೆ: "ನಾನು ಸುಳ್ಳು ಹೇಳ್ತೀನಿ ಅಂತ ನಿಮಗೆ ಅನ್ಸುತ್ತಾ?"

"ನನಗೆ ಅನ್ಸೋದು ಯಾರಿಗೆ ಬೇಕು? ಅಂಕಿ ಹೇಳ್ತಿದೆ."

ಅವನ ಮುಖ ಬಿಗಿದುಕೊಂಡಿತು. "ಹಾಗಾದ್ರೆ ಅಂಕಿನೇ ನಂಬಿ," ಎಂದ.

ನಂಬಿದಳು. ಸಮಿತಿಯ ಮುಂದೆ, ತುಂಬಿದ ಸಭೆಯಲ್ಲಿ, ಎರಡನೇ ಸಾಲಿನಲ್ಲಿ ಕೂತಿದ್ದ ಅವನತ್ತ ಬೆರಳು ಮಾಡಿದಳು.

"ಈ ವೈದ್ಯರು ಕಂಪನಿಯನ್ನು ಉಳಿಸೋದಕ್ಕೆ ಸುಳ್ಳು ಎಣಿಕೆ ಕೊಟ್ಟಿದ್ದಾರೆ. ಮೂಕ ಪ್ರಾಣಿಗಳ ನೋವನ್ನ ಅಳಿಸಿಹಾಕಿದ್ದಾರೆ. ಇವರ ಕೈಗೆ ಇನ್ನು ಒಂದು ಬೆಕ್ಕಿನ ಮರಿಯನ್ನೂ ಕೊಡಬಾರದು!"

ಬೆಕ್ಕಿನ ಮರಿ ಭಾಷಣದಲ್ಲಿ ಇರಲಿಲ್ಲ. ಅವನಿಗೆ ನೋಯಲಿ ಎಂದೇ ಸೇರಿಸಿದ್ದಳು. ಪ್ರೀತಿಸಿದವರಿಗೇ ಗೊತ್ತು ಎಲ್ಲಿ ಚುಚ್ಚಬೇಕೆಂದು. ಚುಚ್ಚಿದಳು.

ಸಮಿತಿಯ ಅಧ್ಯಕ್ಷರು ಅವನನ್ನು ಕೇಳಿದರು: "ಏನಾದ್ರೂ ಹೇಳೋದಿದೆಯಾ?"

"ಇಲ್ಲ."

ಅವನ ವೈದ್ಯ ಪರವಾನಗಿ ಎರಡು ವರ್ಷಕ್ಕೆ ಅಮಾನತಾಯಿತು. ಕಂಪನಿ ತನ್ನ ಮಾನ ಉಳಿಸಿಕೊಳ್ಳಲು ಅವನನ್ನು ಅಂದೇ ಹೊರಹಾಕಿತು. ಮುರಿದ ಮೂಳೆಗಳನ್ನು ಮುಚ್ಚಿಟ್ಟಿದ್ದಾರೆಂದರೆ ಹುಳುಕು ಇರಲೇಬೇಕೆಂದು ಸಮಿತಿಗೆ ಅನ್ನಿಸಿತು. ಆದೇಶ ಹೊರಟಿತು: ಆರು ತಿಂಗಳಲ್ಲಿ ಎಲ್ಲಾ ಪಂಜರಗಳನ್ನೂ ತೆಗೆಯಬೇಕು.

ಗೆದ್ದಳು! ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಎತ್ತಿ ಕುಣಿದಾಡಿದರು. ಸಂಜೆ ಏಳಕ್ಕೆ ಫೋನು ಮಾತ್ರ ಸುಮ್ಮನೆ ಬಿದ್ದಿತ್ತು.

ಎರಡು ತಿಂಗಳ ಮೇಲೆ, ಪಂಜರ ಬಿಚ್ಚುವ ಮುಂಚಿನ ಕೊನೆಯ ಎಣಿಕೆಗೆಂದು ಅವಳು ಮತ್ತೆ ಏಳನೇ ಸಾಲಿಗೆ ಬಂದಳು. ಒಂದು ಪಂಜರದಲ್ಲಿ ಏಳು. ಪಕ್ಕದ್ದರಲ್ಲಿ ಆರು. ಮುಂದಿನದರಲ್ಲಿ ಏಳು.

"ಅಕ್ಕಾ, ಎಂಟೆಂಟು ಇರ್ಬೇಕಲ್ವಾ? ಮಿಕ್ಕಿದ್ದೆಲ್ಲಿ?"

ಮೊಟ್ಟೆ ಆರಿಸುವ ಅಕ್ಕ ತಟ್ಟೆ ಕೆಳಗಿಟ್ಟು ಅವಳನ್ನೇ ದುರುಗುಟ್ಟಿ ನೋಡಿದಳು. ಹನ್ನೆರಡು ವರ್ಷದಿಂದ ಆ ಶೆಡ್ಡಿನಲ್ಲಿ ದುಡಿದವಳು.

"ಮಣ್ಣಲ್ಲಿ."

"ಅಂದ್ರೆ?"

"ನೀವು ಅತ್ಕೊಂಡು ಹೋದ್ರಲ್ಲ, ಮಾರನೇ ದಿನದಿಂದ ಡಾಕ್ಟ್ರು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬರೋರು. ಒಂದೊಂದನ್ನೂ ಮುಟ್ಟಿ, ಪೂರಾ ಮುರಿದಿದ್ರೆ ತೆಗೆದು... ಗೊತ್ತಲ್ಲ ನಿಮಗೆ, ಒಂದೇ ಏಟು. ದಿನಾ ಐದು. ಮೂರು ವಾರ. ಗುಂಡಿ ತೋಡಿದೋಳು ನಾನೇ. ನೂರಾ ಆರು. ರಿಜಿಸ್ಟರಲ್ಲಿ ಸೆಕೆಗೆ ಸತ್ತವು ಅಂತ ಬರೆದ್ರು, ಕಂಪನಿಗೆ ಗೊತ್ತಾಗ್ದಿರ್ಲಿ ಅಂತ. ಕೊನೆಕೊನೆಗೆ ಗುಂಡಿ ಹತ್ರ ಬರೋಕೂ ಆಗ್ತಿರ್ಲಿಲ್ಲ ಅವರಿಗೆ. ಸಾಕು ಬಿಡಿ ಡಾಕ್ಟ್ರೇ ಅಂದ್ರೆ, 'ಅವರು ಕೇಳಿದ್ದಾರೆ ಅಕ್ಕ' ಅನ್ನೋರು."

ಅವಳು ಪಂಜರದ ಸರಳನ್ನು ಹಿಡಿದುಕೊಂಡಳು.

ಒಂಬತ್ತು ನಿಜವಾಗಿತ್ತು! ಅವನ ಬೆರಳಿಗೆ ಸಿಕ್ಕಿದ್ದು ಅಷ್ಟೇ. ಮಿಕ್ಕವುಗಳ ನೋವನ್ನು ಅವನು ಆಗಲೇ ಮುಗಿಸಿದ್ದ. ಅವಳು ಬದುಕಿದ್ದವನ್ನು ಎಣಿಸಿದಳೇ ಹೊರತು, ಸತ್ತವೆಷ್ಟು ಎಂದು ಒಂದು ಸಲವಾದರೂ ರಿಜಿಸ್ಟರು ತೆರೆದು ನೋಡಲಿಲ್ಲ.

ಹಾಗಾದರೆ ಅವನು ಯಾಕೆ ಬಾಯಿ ಬಿಡಲಿಲ್ಲ? ಅದೂ ಆಗ ಹೊಳೆಯಿತು. ಅವನು ಹೇಳಿದ್ದರೆ, ಯಾರೂ ಕೈಹಾಕಬಾರದ ಸಾಲಿನಲ್ಲಿ ಕೈಹಾಕಿ ಎಂದು ಬೇಡಿಕೊಂಡವಳು ಎಣಿಸಿದವಳೇ ಎಂದಾಗುತ್ತಿತ್ತು. ವರದಿ ಕಸದ ಬುಟ್ಟಿಗೆ ಹೋಗುತ್ತಿತ್ತು. ಪಂಜರ ಉಳಿಯುತ್ತಿತ್ತು.

ಅವಳು ಸಂಸ್ಥೆಯ ನಿರ್ದೇಶಕಿಯ ಮುಂದೆ ಹೋಗಿ ಎಲ್ಲವನ್ನೂ ಹೇಳಿದಳು.

"ಸುಮ್ಮನಿರು," ಎಂದರು ಆಕೆ, ಕನ್ನಡಕ ಒರೆಸುತ್ತ. "ಆ ಕಡೆ ನಲವತ್ತು ಸಾವಿರ ಜೀವ. ಈ ಕಡೆ ಒಬ್ಬ ಡಾಕ್ಟರ್, ಅದೂ ಎರಡು ವರ್ಷ. ಅವನೇ ಬಾಯಿ ಮುಚ್ಕೊಂಡಿದ್ದಾನೆ. ನಿನಗ್ಯಾಕೆ ತುರಿಕೆ?"

"ಅವರು ಸುಳ್ಳು ಹೇಳಿಲ್ಲ ಮೇಡಂ."

"ಸರಿ ಕಣಮ್ಮ, ಹೇಳಿಲ್ಲ. ಆಮೇಲೆ? ನೀನೇ ಲೆಕ್ಕದವಳು, ನೀನೇ ಲೆಕ್ಕ ಹಾಕು."

ಮೂರು ದಿನ ಹಾಕಿದಳು. ಊಟ ಬಿಟ್ಟಳು, ಅಮ್ಮನ ಮೇಲೆ ರೇಗಿದಳು. ಹೇಗೆ ಹಾಕಿದರೂ ಲೆಕ್ಕ ಒಂದೇ ಕಡೆ ವಾಲುತ್ತಿತ್ತು, ಕೋಳಿಗಳ ಕಡೆ. ನಾಲ್ಕನೇ ದಿನ ಬೆಳಗ್ಗೆ ಅವಳು ಸಮಿತಿಗೆ ಪತ್ರ ಬರೆದಳು.

ಆದೇಶ ರದ್ದಾಯಿತು. ಕಂಪನಿಯ ವಕೀಲ ಟಿವಿಯಲ್ಲಿ ನಕ್ಕ. ಏಳನೇ ಸಾಲಿನ ಪಂಜರಗಳಿಗೆ ಹೊಸ ಕೋಳಿ ತಂದು ಮತ್ತೆ ಎಂಟೆಂಟು ತುಂಬಿದರು. ನಿರ್ದೇಶಕಿ ಅವಳ ಮೇಜಿನ ಸಾಮಾನನ್ನು ರಟ್ಟಿನ ಡಬ್ಬಿಗೆ ಹಾಕಿಸಿ ಬಾಗಿಲ ಬಳಿ ಇಡಿಸಿದ್ದರು.

"ಹೋಗು. ಆ ಕೋಳಿಗಳ ಮುಂದೆ ನಿಂತು ನೀನೇ ಹೇಳು, ಯಾಕೆ ಹೀಗೆ ಮಾಡ್ದೆ ಅಂತ."

ಅವಳು ಕೋಳಿಗಳ ಹತ್ತಿರ ಹೋಗಲಿಲ್ಲ, ಧೈರ್ಯವಿರಲಿಲ್ಲ. ಅವನನ್ನು ಹುಡುಕಿಕೊಂಡು ಹೋದಳು.

ಪ್ರಯಾಣ ಹೋಗುವವರು ತಮ್ಮ ನಾಯಿಗಳನ್ನು ಬಿಟ್ಟುಹೋಗುವ ಒಂದು ಜಾಗದಲ್ಲಿ ಅವನು ಪೈಪು ಹಿಡಿದು ನೆಲ ತೊಳೆಯುತ್ತಿದ್ದ. ಔಷಧಿ ಮುಟ್ಟುವಂತಿರಲಿಲ್ಲ, ನೀರು ಹಾಕಬಹುದಿತ್ತು. ಸೊರಗಿಹೋಗಿದ್ದ. ಅವಳನ್ನು ಕಂಡು ಕೈ ನಿಂತಿತು.

"ಅಕ್ಕ ಎಲ್ಲಾ ಹೇಳಿದ್ರು," ಎಂದಳು. "ನಾನು ಸಮಿತಿಗೆ ಬರೆದೆ. ನಿಮ್ಮ ಪರವಾನಗಿ ವಾಪಸ್ ಬರುತ್ತೆ. ಸೆಕೆ ಅಂತ ಬರೆದಿದ್ದಕ್ಕೆ ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರಂತೆ."

"ಆದೇಶ?"

ಅವಳು ತಲೆ ತಗ್ಗಿಸಿದಳು. "ರದ್ದಾಯ್ತು."

"ಥೂ!" ಅವನು ಪೈಪನ್ನು ಗೋಡೆಗೆ ಎಸೆದ. ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. "ನಾನು ಕೇಳಿದ್ನಾ ನಿನ್ನ? ನನ್ನ ಹೆಸರು ಯಾರಿಗೆ ಬೇಕಾಗಿತ್ತು? ಎರಡು ವರ್ಷ ನೆಲ ತೊಳ್ಕೊಂಡು ಇರ್ತಿದ್ದೆ ಅಷ್ಟೇ! ಅವು ಹೊರಗೆ ಬರ್ತಿದ್ವು... ಒಂದ್ಸಲ ರೆಕ್ಕೆ ಬಿಚ್ತಿದ್ವು! ತುಂಬಿದ ಸಭೇಲಿ ನನ್ನ ಸುಟ್ಟೆ. ಸುಟ್ಟ ಬೂದಿನಾದ್ರೂ ಯಾವುದಕ್ಕಾದ್ರೂ ಬರ್ಲಿ ಅಂತಿದ್ದೆ. ಅದನ್ನೂ ಹಾಳು ಮಾಡ್ದೆ!"

"ಗೊತ್ತು."

"ಗೊತ್ತಿದ್ದೂ ಮಾಡ್ದೆ?"

"ಗೊತ್ತಿದ್ದೂ ಮಾಡ್ದೆ." ಅವಳು ಅವನ ಮುಖ ನೋಡಿದಳು. "ಪತ್ರದಲ್ಲಿ ಸತ್ಯ ಮುಖ್ಯ, ವಿಜ್ಞಾನ ಮುಖ್ಯ ಅಂತೆಲ್ಲ ಬರೆದಿದ್ದೀನಿ. ಅದು ಸುಳ್ಳು ಡಾಕ್ಟ್ರೇ. ನಲವತ್ತು ಸಾವಿರ ಕೋಳಿಗಳನ್ನ ಒಂದು ಕಡೆ ಇಟ್ಟು, ನಿಮ್ಮನ್ನ ಒಂದು ಕಡೆ ಇಟ್ಟು ಮೂರು ದಿನ ನೋಡ್ದೆ... ನಂಗೆ ನೀವೇ ಬೇಕಾಯ್ತು. ಇಂಥವಳು ನಾನು. ಇಷ್ಟು ವರ್ಷ ಅವುಗಳ ಪರ ಮಾತಾಡಿ, ಕೊನೆಗೆ ಅವನ್ನೇ ಮಾರಿಬಿಟ್ಟೆ."

ನಾಯಿಗಳು ಒಂದೊಂದಾಗಿ ಸುಮ್ಮನಾದವು. ಅವನು ಗೋಡೆಯ ಪಕ್ಕದ ಒದ್ದೆ ಬೆಂಚಿನ ಮೇಲೆ ಕುಸಿದು ಕೂತ. ತನ್ನ ಕೈಗಳನ್ನೇ ನೋಡಿಕೊಂಡ.

"ನಾನು ಆ ನೂರಾ ಆರನ್ನ ಕೊಂದಿದ್ದು ಯಾಕೆ ಅಂದ್ಕೊಂಡೆ? ನರಳ್ತಿದ್ವು ಅಂತಾನಾ?" ಎಂದು ಕೇಳಿದ. "ಆರು ವರ್ಷದಿಂದ ನರಳ್ತಾನೇ ಇದ್ವು. ಕಣ್ಣಿಗೆ ಬಿದ್ದ ಒಂದೋ ಎರಡೋ ಮುಗಿಸಿ ಕೈ ತೊಳ್ಕೋತಿದ್ದೆ. ಹುಡುಕಿ ಹುಡುಕಿ ಕೊಂದಿದ್ದು... ನೀನು ಅತ್ತೆ ಅಂತ. ನಿನ್ನ ಅಳು ನೋಡೋಕಾಗ್ಲಿಲ್ಲ ನಂಗೆ. ಅಷ್ಟೇ. ಅವುಗಳಿಗೋಸ್ಕರ ಅಲ್ಲ."

ಅವಳಿಗೆ ಅಳು ಬಂತು. ಈ ಸಲ ತುಟಿ ಕಚ್ಚಿ ತಡೆದುಕೊಂಡಳು. ಅವಳ ಅಳು ಎಷ್ಟು ದುಬಾರಿಯೆಂದು ಈಗ ಅವಳಿಗೆ ಗೊತ್ತಿತ್ತು.

"ನಿನ್ನನ್ನ ಕ್ಷಮಿಸೋಕೆ ನನ್ನಿಂದ ಆಗ್ತಿಲ್ಲ," ಎಂದ ಅವನು.

"ಹೂಂ."

"ಬಿಟ್ಟಿರೋಕೂ ಆಗ್ತಿಲ್ಲ."

"ಹಾಗಾದ್ರೆ ಕ್ಷಮಿಸ್ಬೇಡಿ," ಎಂದಳು, ಪಿಸುದನಿಯಲ್ಲಿ. "ಜೊತೆಲಿ ಇದ್ಕೊಂಡೇ ಕ್ಷಮಿಸ್ದೇ ಇರಿ."

"ತುಂಬಾ ದಿನ ಆಗ್ಬಹುದು..."

"ಆಗ್ಲಿ."

ಅವನು ಬೆಂಚಿನ ಮೇಲೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿದ.