ಒಗೆಯುವ ಕಲ್ಲಿನ ಕೆಳಗೆ

"ಹಿತ್ತಲಲ್ಲಿರೋ ಆ ಒಗೆಯೋ ಕಲ್ಲನ್ನ ಮಾತ್ರ ಎಬ್ಬಿಸ್ಬೇಡಿ ಅಮ್ಮ. ಉಳಿದ ಮನೆಯೆಲ್ಲಾ ನಾನು ಥಳಥಳ ಅನ್ನೋ ಹಾಗೆ ಇಟ್ಕೊಡ್ತೀನಿ."

ಕೆಲಸಕ್ಕೆ ಸೇರಿದ ದಿನ ಗೋವಿಂದಮ್ಮ ಹಾಕಿದ ಷರತ್ತು ಇದೊಂದೇ. ರಿಚರ್ಡ್ಸ್ ಟೌನಿನ ಆ ಹಳೇ ಮನೆಯ ಹಿಂಭಾಗದ ಎರಡು ಕೋಣೆಗಳನ್ನು ಸುಮೈರಾ ಬಾಡಿಗೆಗೆ ಹಿಡಿದು ವಾರವಾಗಿತ್ತಷ್ಟೆ. ಮುಂಭಾಗದಲ್ಲಿ ಮನೆಯೊಡತಿ ತಾಹೇರಾ ಇದ್ದರು. "ಇಪ್ಪತ್ತು ವರ್ಷದಿಂದ ಈ ಮನೆ ಗುಡಿಸ್ತಿದ್ದಾಳೆ, ಬೀಗದ ಕೈ ಕೊಟ್ಟು ನೆಮ್ಮದಿಯಾಗಿ ಕೆಲಸಕ್ಕೆ ಹೋಗು" ಎಂದು ಹಲಸೂರಿನ ಗೋವಿಂದಮ್ಮನನ್ನು ಗೊತ್ತುಮಾಡಿಕೊಟ್ಟವರೂ ಅವರೇ.

"ಯಾಕೆ, ಕಲ್ಲಿನ ಕೆಳಗೆ ದೆವ್ವ ಇದೆಯಾ?" ಸುಮೈರಾ ನಕ್ಕಳು.

ಗೋವಿಂದಮ್ಮ ನಗಲಿಲ್ಲ. "ಹಿಂದೆ ಇಲ್ಲೊಬ್ಬಳು ಸೊಸೆ ಇದ್ದಳು. ಅವಳಿಗೆ ಮಾಟ ಮಾಡ್ಸಿ ಅಲ್ಲಿ ಹೂತಿದ್ದಾರೆ. ಸಾಯ್ಲಿ ಅಂತಲ್ಲ. ಯಾರಿಗೂ ನೆನಪಿರ್ಬಾರ್ದು ಅಂತ."

"ಏನವಳ ಹೆಸರು?"

"ಅದೇ ನೆನಪಿಗೆ ಬರಲ್ಲ ಅಮ್ಮ."

ಸುಮೈರಾ ಫ್ರೇಜರ್ ಟೌನಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸೂಕ್ಷ್ಮದರ್ಶಕದ ಕೆಳಗೆ ಕಾಣುವುದನ್ನು ಬಿಟ್ಟು ಬೇರೇನನ್ನೂ ನಂಬದವಳು. ತಲಾಕ್ ಆದಮೇಲೆ ದಾವಣಗೆರೆ ಬಿಟ್ಟು ಬಂದಿದ್ದಳು. ಈ ಊರಿನಲ್ಲಿ ಅವಳ ಹೆಸರು ಹಿಡಿದು ಕರೆಯುವವರು ಬೆರಳೆಣಿಕೆಯಷ್ಟು. ಬೆಳಗ್ಗೆ ಎಂಟಕ್ಕೆ ಊರಿನಿಂದ ಅಮ್ಮಿಯ ಫೋನು, ಆಮೇಲೆ ಗೋವಿಂದಮ್ಮನ ಜೊತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಒಂದು ಲೋಟ ಕಾಫಿ. ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕೇ ಇರಬೇಕು, ಮನೆ ಚೊಕ್ಕಟವಾಗಿಡುವುದು ಅವಳಿಗೊಂದು ಹಟವಾಗಿಬಿಟ್ಟಿತ್ತು.

ಆದರೆ ಆ ಕಲ್ಲಿನ ಬುಡದಿಂದ ವಾಸನೆ ಬರುತ್ತಿತ್ತು. ಒದ್ದೆ ಕೂದಲು ಕೊಳೆತಂಥ ವಾಸನೆ. ಎಷ್ಟು ಫಿನಾಯಿಲ್ ಸುರಿದರೂ ಹೋಗದು. ಒಂದು ಭಾನುವಾರ ಮಧ್ಯಾಹ್ನ ಅವಳು ಹಾರೆ ತಂದು ಕಲ್ಲನ್ನು ಎಬ್ಬಿಸಿಯೇಬಿಟ್ಟಳು. ಕೆಳಗೆ ಮಣ್ಣಿನ ಕುಡಿಕೆ. ಒಳಗೆ ಬೂದಿ, ಉದ್ದನೆಯ ಕೂದಲಿನ ಉಂಡೆ, ಅಂಗೈಯಗಲದ ತಾಮ್ರದ ತಗಡು. ತಗಡಿನ ಮೇಲೆ ಏನೋ ಕೊರೆದಿತ್ತು, ಸವೆದುಹೋಗಿತ್ತು. ಬರಿಗೈಯಲ್ಲಿ ಎಲ್ಲವನ್ನೂ ತೆಗೆದು ಕಸದ ಬಕೆಟ್ಟಿಗೆ ಹಾಕಿದಳು. ಕೈ ತೊಳೆದಳು. ವಾಸನೆ ಹೋಯಿತು.

ಸೋಮವಾರ ಬೆಳಗ್ಗೆ ಬಕೆಟ್ ನೋಡಿದ ಗೋವಿಂದಮ್ಮ ಅಲ್ಲೇ ಕುಸಿದು ಕೂತಳು. ತಗಡನ್ನು ಹಳೇ ಪೇಪರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೆರಗಿನ ತುದಿಗೆ ಬಿಗಿಯಾಗಿ ಒಂದು ಗಂಟು ಹಾಕಿದಳು. "ಪೂಜಾರಪ್ಪನ್ನ ಕೇಳ್ಕೊಂಡು ಬರ್ತೀನಿ. ಅಲ್ಲೀತನಕ ಎಲ್ಲೂ ಹೋಗ್ಬೇಡಿ ಅಮ್ಮ" ಎಂದು ಹೊರಟುಹೋದಳು.

ಸುಮೈರಾ ಅವಳ ಮಾತು ಕೇಳದೆ ಕೆಲಸಕ್ಕೆ ಹೊರಟಳು. ಕೈ ಅಡ್ಡ ಹಿಡಿದರೂ ಒಂದು ಆಟೋವೂ ನಿಲ್ಲಲಿಲ್ಲ. ಲ್ಯಾಬಿನ ಹಾಜರಿ ಯಂತ್ರ ಅವಳ ಬೆರಳನ್ನು ಗುರುತಿಸಲಿಲ್ಲ. ಅವಳ ಕುರ್ಚಿಯಲ್ಲಿ ಜೊತೆಗೆ ಕೆಲಸ ಮಾಡುವ ಸಾಮಿಯಾ ಕೂತಿದ್ದಳು. "ಸಾಮಿಯಾ, ಸ್ವಲ್ಪ ಏಳ್ತೀಯಾ?" ಎಂದರೆ ಅವಳು ತಲೆಯೆತ್ತಲಿಲ್ಲ. ತಮಾಷೆ ಅಂದುಕೊಂಡಳು. ಸಂಜೆಯ ಹೊತ್ತಿಗೆ ತಮಾಷೆ ಅನ್ನಿಸಲಿಲ್ಲ.

ಮಂಗಳವಾರ ಎಂಟಾಯಿತು. ಫೋನ್ ಬರಲಿಲ್ಲ. ಒಂಬತ್ತಾಯಿತು. ಅವಳೇ ಮಾಡಿದಳು.

"ಅಮ್ಮಿ, ನಾನು."

"ಯಾರು?"

"ಸುಮೈರಾ, ಅಮ್ಮಿ!"

ಆ ಕಡೆ ಉಸಿರಾಟ ಮಾತ್ರ. ಆಮೇಲೆ ಯಾರಿಗೋ ಹೇಳಿದ ಮಾತು: "ಏನೂ ಕೇಳಿಸ್ತಿಲ್ಲ. ರಾಂಗ್ ನಂಬರ್ ಇರಬೇಕು."

ಬುಧವಾರ ತಾಹೇರಾ ತಮ್ಮ ಕೈಲಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು, ಯಾರೋ ಗಂಡಹೆಂಡತಿಯನ್ನು ಒಳಗೆ ಕರೆತಂದರು. ಸುಮೈರಾ ಅವರ ಎದುರಿಗೇ ನಿಂತಿದ್ದಳು. "ಆರು ತಿಂಗಳಿಂದ ಖಾಲಿ ಬಿದ್ದಿದೆ" ಎಂದರು ತಾಹೇರಾ. "ಆಂಟಿ!" ಎಂದು ಚೀರಿದಳು. ಮನೆ ನೋಡಲು ಬಂದ ಹೆಂಗಸು ಅವಳ ಪಕ್ಕದಿಂದ ಹಾದುಹೋಗಿ ಕಿಟಕಿ ತೆರೆದು ನೋಡಿದಳು.

ಅವರು ಹೋದಮೇಲೆ ಮನೆಯಲ್ಲಿ ಸದ್ದು ಕೇಳಿಸಿತು.

ಸರ್. ಸರ್. ಸರ್.

ಪೊರಕೆಯ ಸದ್ದು. ಹಿತ್ತಲಿನಿಂದ. ನಡುಮಧ್ಯಾಹ್ನದ ಬಿಸಿಲು ಕಿಟಕಿಯಾಚೆ ಉರಿಯುತ್ತಿದ್ದರೂ ಕೋಣೆಯ ಮೂಲೆಗಳು ಒಂದೊಂದೇ ಕಪ್ಪಾದವು. ಮತ್ತೆ ಆ ಕೊಳೆತ ಕೂದಲಿನ ವಾಸನೆ. ಸುಮೈರಾ ಗೋಡೆಗೆ ಅಂಟಿ ನಿಂತಳು. ಹಿತ್ತಲ ಬಾಗಿಲು ತೆರೆದುಕೊಂಡಿತು. ಕುಕ್ಕರಗಾಲಲ್ಲಿ ಕೂತು, ನೆಲ ಗುಡಿಸುತ್ತ, ಒಬ್ಬ ಹೆಂಗಸು ಒಳಬಂದಳು. ತಲೆ ಬಗ್ಗಿತ್ತು. ಕೂದಲು ನೆಲಕ್ಕೆ ತಾಗುತ್ತಿತ್ತು. ಹತ್ತಿರ ಬಂದಳು. ಇನ್ನೂ ಹತ್ತಿರ. ಪೊರಕೆ ನಿಂತಿತು. ತಲೆ ಮೇಲೆದ್ದಿತು.

ಮುಖವಿರಲಿಲ್ಲ. ಒರೆಸಿದ ಸ್ಲೇಟಿನಂತೆ ಚರ್ಮ ಮಾತ್ರ.

"ನಿನಗೆ ನಾನು ಕಾಣ್ತೀನಲ್ವಾ?" ಧ್ವನಿ ಎಲ್ಲಿಂದಲೋ ಬಂತು. ಅದರಲ್ಲಿ ಸಿಟ್ಟಿರಲಿಲ್ಲ, ಸಂತೋಷವಿತ್ತು. "ಇಷ್ಟು ವರ್ಷ ಒಬ್ಬಳೇ ಇದ್ದೆ."

ಸುಮೈರಾ ಓಡಿದಳು. ಮುಂಬಾಗಿಲು. ಚಿಲಕ ಕೈಗೆ ಸಿಗಲಿಲ್ಲ. ಬೆನ್ನ ಹಿಂದೆ ಸರ್, ಸರ್. ಕತ್ತಿನ ಮೇಲೆ ಒದ್ದೆ ಕೂದಲು. ತಣ್ಣಗೆ.

ಬಾಗಿಲು ಹೊರಗಿನಿಂದ ತೆರೆಯಿತು. ಗೋವಿಂದಮ್ಮ ನಿಂತಿದ್ದಳು. ಅವಳ ಕಣ್ಣು ಸುಮೈರಾಳನ್ನು ದಾಟಿ ಖಾಲಿ ಕೋಣೆಯಲ್ಲಿ ಹುಡುಕಿತು. ಎರಡು ಕೈಯಲ್ಲೂ ಸೆರಗಿನ ಗಂಟು ಹಿಡಿದಿದ್ದಳು.

"ಈ ಗಂಟು ಯಾಕೆ ಹಾಕ್ದೆ ಅಂತ ನೆನಪಾಗ್ತಿಲ್ಲ" ಎಂದಳು ಗಾಳಿಗೆ. "ಆದ್ರೆ ಇಲ್ಲಿ ಯಾರೋ ಇದ್ದೀರಿ. ನನ್ನ ಜೊತೆ ಕೂತು ಕಾಫಿ ಕುಡಿದೋರು. ಮೊದಲನೆಯವಳಿಗೆ ಹಿಂಗಾದಾಗ ನಾನು ಹೆದರಿ ಬಾಗಿಲು ಹಾಕ್ಕೊಂಡು ಹೋಗ್ಬಿಟ್ಟೆ. ಇವತ್ತು ಹೋಗಲ್ಲ."

"ಗೋವಿಂದಮ್ಮ! ನಾನಿಲ್ಲೇ ಇದ್ದೀನಿ!"

ಅವಳಿಗೆ ಕೇಳಿಸಲಿಲ್ಲ. ನೇರ ಹಿತ್ತಲಿಗೆ ನಡೆದು, ಕಲ್ಲೆಬ್ಬಿಸಿದ ಗುಂಡಿಯ ಮುಂದೆ ಕೂತು ಪೇಪರ್ ಬಿಚ್ಚಿದಳು. ತಗಡಿನ ಮೇಲೆ ಹೊಸದಾಗಿ ಅಕ್ಷರ ಮೂಡಿತ್ತು. ಸುಮೈರಾ ಬಗ್ಗಿ ಓದಿದಳು. ಅವಳದೇ ಹೆಸರು.

"ಒಂದು ಹೆಸರು ಬಿಡಿಸ್ಬೇಕಾದ್ರೆ ಇನ್ನೊಬ್ಬರು ಒಪ್ಪಿ ತಮ್ಮ ಹೆಸರು ಕೊಡ್ಬೇಕಂತೆ. ಪೂಜಾರಪ್ಪ ಹೇಳ್ದ." ಗೋವಿಂದಮ್ಮ ಮೊಳೆಯಿಂದ ಆ ಅಕ್ಷರಗಳನ್ನು ಕೆರೆದು ಹಾಕಿದಳು. ಆಮೇಲೆ ತನ್ನ ಹೆಸರು ಬರೆಯತೊಡಗಿದಳು. ಬ್ಯಾಂಕಿನಲ್ಲಿ ಸಹಿ ಹಾಕಲೆಂದು ಮಗ ಜಗದೀಶ ಕಲಿಸಿದ ಹೆಸರು. ಅವಳಿಗೆ ಬರೆಯಲು ಬರುತ್ತಿದ್ದುದು ಅದೊಂದೇ. ಗೋ. ವಿಂ.

ಸುಮೈರಾಳ ಕೈ ಮುಂದೆ ಚಾಚಿತು. ತಗಡನ್ನು ಕಸಿದುಕೊಳ್ಳಬಹುದಿತ್ತು. ಹಿಂದೆ ಪೊರಕೆಯ ಸದ್ದು ಹತ್ತಿರವಾಗುತ್ತಿತ್ತು. ಕೈ ಅಲ್ಲೇ ನಿಂತಿತು.

ದ. ಮ್ಮ.

ಗೋವಿಂದಮ್ಮ ತಗಡನ್ನು ಗುಂಡಿಗೆ ಹಾಕಿ, ಮಣ್ಣೆಳೆದು, ಕಲ್ಲನ್ನು ಹೊರಳಿಸಿ ಮುಚ್ಚಿದಳು. ತಲೆಯೆತ್ತಿದವಳು ಸುಮೈರಾಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಇಲ್ಲೇ ಇದ್ರಲ್ಲ" ಎಂದಳು. ಮರುಕ್ಷಣ ಹಿತ್ತಲಲ್ಲಿ ಯಾರೂ ಇರಲಿಲ್ಲ.

ಫೋನ್ ಹೊಡೆದುಕೊಂಡಿತು. ಅಮ್ಮಿ. "ಎರಡು ದಿನದಿಂದ ಯಾಕೆ ಬೇಟಾ ಮಾತೇ ಇಲ್ಲ?"

ಸುಮೈರಾ ಫೋನ್ ಕೈಯಲ್ಲಿ ಹಿಡಿದೇ ಬೀದಿಗೆ ಓಡಿದಳು. ಮೊದಲ ಆಟೋ ನಿಂತಿತು. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಕೇಳುತ್ತ ಹೋಗಿ ಜಗದೀಶನ ಮನೆಯ ಬಾಗಿಲು ಬಡಿದಳು.

"ಗೋವಿಂದಮ್ಮ ಬಂದ್ರಾ? ನಿಮ್ಮ ತಾಯಿ?"

ಅವನು ಅವಳನ್ನು ವಿಚಿತ್ರವಾಗಿ ನೋಡಿದ. "ನನಗೆ ತಾಯಿ ಇಲ್ಲ ಮೇಡಂ. ನಮ್ಮಜ್ಜಿ ಸಾಕಿದ್ದು. ಆ ಹೆಸರಿನೋರು ಈ ಗಲ್ಲೀಲಿ ಯಾರೂ ಇಲ್ಲ."

ಅವಳು ಮೆಟ್ರೋ ನಿಲ್ದಾಣದ ಕಡೆ ನಡೆದಳು. ಮರೆಯಬಾರದು. ನಾನೊಬ್ಬಳಾದರೂ ಮರೆಯಬಾರದು. ಹೆಜ್ಜೆಗೊಮ್ಮೆ ಹೆಸರು ಹೇಳಿಕೊಂಡಳು. ಗೋವಿಂದಮ್ಮ. ಗೋವಿಂದಮ್ಮ. ಮೆಟ್ಟಿಲು ಹತ್ತುವಾಗ ಅವಳ ಮುಖ ಹೇಗಿತ್ತೆಂದು ಹೊಳೆಯಲಿಲ್ಲ. ಗೋವಿಂದ. ರೈಲು ಬಂತು. ಕೂತಳು. ಗೋ. ತುಟಿ ಇನ್ನೂ ಅಲುಗುತ್ತಿತ್ತು.

ಪಕ್ಕದ ಹೆಂಗಸು ತಿರುಗಿ ಕೇಳಿದಳು, "ಏನಾದ್ರೂ ಹೇಳಿದ್ರಾ?"

ಸುಮೈರಾ ಒಂದು ಕ್ಷಣ ಯೋಚಿಸಿದಳು.

"ಇಲ್ಲ" ಎಂದಳು.