ಮನೆಯ ಕಂಬದ ನೆರಳು

ಬಹಳ ಹಿಂದೆ, ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಬಳಪಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಬೀದಿಬೀದಿಯಲ್ಲೂ ಶಿಲ್ಪಗಳು. ಜನ ಅವುಗಳ ನಡುವೆ ಹುಟ್ಟಿ, ಅವುಗಳಿಗೇ ಬೆನ್ನೊರಗಿಸಿ ಹರಟೆ ಹೊಡೆದು, ಒಂದು ದಿನವೂ ತಲೆಯೆತ್ತಿ ನೋಡದೆ ಸಾಯುತ್ತಿದ್ದರು. ಇದ್ದಾಗ ಯಾರಿಗೆ ಬೇಕು ಹೇಳಿ!

ಅಂಥ ರಾಜ್ಯಕ್ಕೆ ಉಸುಕುಬಾಯಿ ಎಂಬ ಮಾಂತ್ರಿಕ ಬಂದ. ಅವನು ಉಫ್ ಎಂದು ಊದಿದರೆ ಸಾಕು, ಮನುಷ್ಯರು ಕಡೆದ ರೂಪವೆಲ್ಲ ಮರಳಾಗುತ್ತಿತ್ತು. ರಾಜ ಇರುಂಗರಸ ಕಂಗಾಲಾಗಿ ಒಬ್ಬ ಋಷಿಯ ಕಾಲು ಹಿಡಿದ. ಋಷಿ ಅವನಿಗೆ ಮಂತ್ರ ತಾಗದ ನೆರಳುಪೆಟ್ಟಿಗೆಯೊಂದನ್ನು ಕೊಟ್ಟ. ಅದರ ಸ್ಫಟಿಕದ ಕಣ್ಣನ್ನು ಶಿಲ್ಪದ ಕಡೆ ತಿರುಗಿಸಿದರೆ ಶಿಲ್ಪದ ನೆರಳು ಒಳಗೆ ಬಂದು ಕೂರುತ್ತಿತ್ತು. ಮಾಂತ್ರಿಕ ಅಳಿದ ದಿನ ಪೆಟ್ಟಿಗೆ ತೆರೆದರೆ, ನೆರಳು ಉಳಿಸಿಕೊಂಡ ಶಿಲ್ಪ ಮರಳಿನಿಂದ ಮತ್ತೆ ಏಳುತ್ತಿತ್ತು. ನೆರಳಿಲ್ಲದ್ದು ಮರಳಾಗಿಯೇ ಉಳಿಯುತ್ತಿತ್ತು. ಆದರೆ ಕಣ್ತುಂಬ ನೋಡದೆ ನೆರಳು ಹಿಡಿದವರು ಪೆಟ್ಟಿಗೆ ತೆರೆಯುವ ತನಕ ತಾವೇ ಕಲ್ಲಾಗಿರುತ್ತಿದ್ದರು. ಆತುರಗಾರರಾದ ಹದಿಮೂರು ಸೇನಾಪತಿಗಳು ಹಾಗೇ ಕಲ್ಲಾದರು.

ಕೊನೆಗೆ ಪೆಟ್ಟಿಗೆ ಚಂದಲೆಯ ಕೈಗೆ ಬಂತು. ಅವಳು ಶಿಲ್ಪಿಗಳ ಕೇರಿಯ ಬೈಚೋಜನ ಮಗಳು. ಬೈಚೋಜನಿಗೆ ಕಣ್ಣು ಹೋಗಿ ಎಂಟು ವರ್ಷ. ಕಣ್ಣಿದ್ದಾಗ, ಹೆಂಡತಿ ತೀರಿಕೊಂಡ ವರ್ಷ, ಮನೆಯ ಪಡಸಾಲೆಯ ಕಂಬದಲ್ಲಿ ಅವಳ ಮುಖ ಕಡೆದಿದ್ದ. ದಿನಾ ಬೆಳಗ್ಗೆ ಎದ್ದು ಆ ಮುಖವನ್ನು ಬೆರಳಿನಿಂದ ಸವರಿದ ಮೇಲೆಯೇ ಅವನು ಬಾಯಿಗೆ ನೀರು ಹಾಕುತ್ತಿದ್ದದ್ದು.

ಚಂದಲೆ ಹೊರಡುವಾಗ ಅವನು ಮಗಳನ್ನು ಕರೆದ. "ಮೊದ್ಲು ನಿಮ್ಮವ್ವನ ನೆರಳು ಹಿಡ್ಕೋ ಮಗಳೇ."

"ಅದಕ್ಕೊಂದು ದಿನ ಕೂರ್ಬೇಕಪ್ಪಾ. ಊರಿನ ಕೆಲಸ ಮೊದ್ಲು ಅಂತ ಹೇಳ್ಕೊಟ್ಟೋನು ನೀನೇ ಅಲ್ವಾ? ಮನೆ ಕಂಬ ಎಲ್ಲಿಗೆ ಹೋಗುತ್ತೆ, ಬಂದ ಮೇಲೆ ಹಿಡೀತೀನಿ."

ಬೈಚೋಜ ಬುತ್ತಿಗಂಟನ್ನು ಅವಳ ಕೈಗಿಟ್ಟ. ಆ ಕೇರಿಯ ಪದ್ಧತಿಯೇ ಹಾಗಿತ್ತು. ಉಳಿ ಹಿಡಿದರೆ ಊರಿನದು ಮೊದಲು, ಮನೆಯದು ಕೊನೆಗೆ. ರಾಜ್ಯಕ್ಕೆಲ್ಲ ಕಲ್ಲು ಕಡೆದು ಕೊಡುತ್ತಿದ್ದ ಅವರ ಮನೆಗಳಲ್ಲಿ ಒರಳುಕಲ್ಲು ಮಾತ್ರ ಸವೆದು ಬೋಳಾಗಿರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಮಾತೇ?

ಚಂದಲೆ ಮೊದಲು ಕೆರೆಯೂರಿನ ಕಲ್ಲಾನೆಯ ಬಳಿಗೆ ಹೋದಳು. ಕೂತಳು. ನೋಡಿದಳು. ಸಂಜೆಗೆ ಆನೆ ಕೇಳಿತು: "ನನ್ನ ಸೊಂಡಿಲಲ್ಲಿ ಏನಿದೆ?"

"ಎಲ್ಲರೂ ತಾವರೆ ಅಂತಾರೆ. ತಾವರೆಯೊಳಗೆ ಒಂದು ಇರುವೆಯೂ ಇದೆ."

"ಹಿಡಿದುಕೋ," ಎಂದಿತು ಆನೆ.

ಆಮೇಲೆ ಬೆಟ್ಟದ ಗುಡಿಯ ನರ್ತಕಿಯ ಬಳಿಗೆ ಹೋದಳು. ಕೂತಳು. ನೋಡಿದಳು. ನರ್ತಕಿ ಕೇಳಿದಳು: "ನಾನು ನಗುತ್ತಿದ್ದೇನೆಯೇ?"

"ಬೆಳಗಿನ ಬಿಸಿಲಲ್ಲಿ ನಗ್ತೀಯಮ್ಮ. ಇಳಿಬಿಸಿಲಲ್ಲಿ ಇಲ್ಲ. ಆಗ ಯಾರನ್ನೋ ಕಾಯ್ತೀಯ."

"ಹಿಡಿದುಕೋ," ಎಂದಳು ನರ್ತಕಿ.

ಮೂರನೆಯದು ಗಡಿಯೂರಿನ ಕುಣಿತದ ಮುಖವಾಡ, ಮರದ್ದು. ಅಲ್ಲೂ ಕೂತಳು. ನೋಡಿದಳು. ಮುಖವಾಡ ಗುಡುಗಿತು: "ನನ್ನ ಹಿಂದೆ ಯಾರು?"

"ಹಿಂದೆ ಕರಿಯಣ್ಣಜ್ಜ. ಮೂವತ್ತು ವರ್ಷದಿಂದ ನಿನ್ನ ಹೊತ್ತು ಕುಣಿತಿದಾನೆ. ಅವನ ಬೆವರಿಗೆ ನಿನ್ನ ಒಳಗೆಲ್ಲ ಕಪ್ಪಾಗಿದೆ."

"ಹಿಡಿದುಕೋ," ಎಂದಿತು ಮುಖವಾಡ, ಮೆತ್ತಗೆ.

ಹೀಗೆ ಊರೂರು ಅಲೆದು ಅವಳು ರಾಜ್ಯದ ನೆರಳನ್ನೆಲ್ಲ ಹಿಡಿದಳು. ಮೂರು ವರ್ಷವಾಯಿತು. ತಿರುಗಿ ಬರುವ ದಾರಿಯಲ್ಲಿ, ಮಟಮಟ ಮಧ್ಯಾಹ್ನ, ಉಸುಕುಬಾಯಿ ಎದುರಾದ.

"ನಿಮ್ಮ ಕೇರಿಯಿಂದಲೇ ಬರ್ತಿದ್ದೀನಿ," ಎಂದು ಹಲ್ಲು ಕಿರಿದ. "ಒಂದು ಕಂಬ ಬಹಳ ರುಚಿಯಾಗಿತ್ತು."

ಚಂದಲೆಗೆ ಓಡಿಹೋಗಿ ಮನೆ ಸೇರಬೇಕೆನಿಸಿತು. ಆದರೂ ಕೂತಳು. ಅವನನ್ನು ನೋಡಿದಳು. ಆ ತನಕ ಅವನನ್ನು ಕಂಡವರೆಲ್ಲ ಓಡಿದ್ದರೇ ಹೊರತು ಯಾರೂ ನೋಡಿರಲಿಲ್ಲ. ಅವನು ಊದಿದ. ಕಣ್ಣಿಗೆ ಮರಳು ಬಿದ್ದು ನೀರು ಸುರಿದರೂ ಅವಳು ರೆಪ್ಪೆ ಮುಚ್ಚಲಿಲ್ಲ.

"ನಿನ್ನ ಎಡಗಿವಿ ಅರ್ಧ ಕಡೆದು ಬಿಟ್ಟ ಹಾಗಿದೆ," ಎಂದಳು. "ನೀನೂ ಯಾರೋ ಮುಗಿಸದೆ ಬಿಟ್ಟ ಬೊಂಬೆ."

ಮಾಂತ್ರಿಕ ಕೈಯಿಂದ ಕಿವಿ ಮುಚ್ಚಿಕೊಂಡ. ಅಷ್ಟರಲ್ಲಿ ಅವನ ನೆರಳು ಪೆಟ್ಟಿಗೆಯೊಳಗೆ ಹೋಗಿತ್ತು. ಅವನೂ ಕಡೆದ ರೂಪವೇ ಆದ್ದರಿಂದ ಅವನ ಉಸಿರೇ ಅವನಿಗೆ ತಾಗಿ, ದಾರಿಯಲ್ಲಿ ಒಂದು ಹಿಡಿ ಮರಳು ಉಳಿಯಿತು. ಚಂದಲೆ ಅದನ್ನು ಗಾಳಿಗೆ ತೂರಿ, ಅವನ ನೆರಳನ್ನು ಮಾತ್ರ ಸ್ಫಟಿಕದ ಕಣ್ಣಿನಿಂದ ಹೊರಗೆಳೆದು ಬಿಸಿಲಿಗೆ ಹಿಡಿದು ಸುಟ್ಟು, ಪೆಟ್ಟಿಗೆ ತೆರೆದಳು. ಕೆರೆಯೂರಿನಲ್ಲಿ ಆನೆ ಮರಳಿನಿಂದ ಎದ್ದು ನಿಂತಿತು. ಬೆಟ್ಟದಲ್ಲಿ ನರ್ತಕಿ ಕಾಲೆತ್ತಿದಳು. ಹದಿಮೂರು ಸೇನಾಪತಿಗಳು ಆಕಳಿಸುತ್ತ ಎಚ್ಚೆತ್ತರು. ರಾಜ್ಯದಲ್ಲಿ ಡಂಗುರ ಹೊಡೆದರು.

ಪಡಸಾಲೆಯಲ್ಲಿ ಬೈಚೋಜ ಮರಳಿನ ಗುಡ್ಡೆಯ ಪಕ್ಕ ಕೂತಿದ್ದ. ಹೆಜ್ಜೆ ಸಪ್ಪಳ ಕೇಳಿ ಮುಖವೆತ್ತಿದ.

"ಎಲ್ಲಾ ಎದ್ವಂತೆ. ಇದ್ಯಾಕವ್ವ ಇನ್ನೂ ಏಳ್ಲಿಲ್ಲ?"

"ಅವ್ವನ ನೆರಳು ಹಿಡೀಲೇ ಇಲ್ಲ ಅಪ್ಪಾ. ತಪ್ಪಾಯ್ತು."

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಚಂದಲೆಗೆ ಎಷ್ಟೋ ಹಗುರವಾಗುತ್ತಿತ್ತು. ಮರಳನ್ನು ಅಂಗೈಯಿಂದ ಸವರುತ್ತ ಕೇಳಿದ: "ಹೇಗಿದ್ಲು ಅಂತ ಹೇಳು. ನಾನು ಕೇಳ್ತೀನಿ."

ರಾಜ್ಯದ ಇರುವೆಯನ್ನೂ ಬಿಡದೆ ನೋಡಿದ ಚಂದಲೆ ಬಾಯಿ ತೆರೆದಳು. ನೆನಪಿನಲ್ಲಿ ಕಂಬ ಕಂಡಿತು, ಕಂಬಕ್ಕೆ ಕಟ್ಟಿದ ಹಗ್ಗ ಕಂಡಿತು, ಅದರ ಮೇಲೆ ಒಣಗುವ ಬಟ್ಟೆ ಕಂಡಿತು. ಮುಖ ಕಾಣಲಿಲ್ಲ. ಅವಳು ಅತ್ತಳು.

"ಬಾ ಇಲ್ಲಿ," ಎಂದ ಬೈಚೋಜ. ಎರಡೂ ಕೈಯಿಂದ ಅವಳ ಮುಖ ಹಿಡಿದು ಸವರಿದ. ಹಣೆ, ಹುಬ್ಬು, ಮೂಗು. ಮೆಲ್ಲಗೆ, ಹೆಂಡತಿಯ ಗುರುತು ಹುಡುಕುತ್ತ, ಗಲ್ಲದ ತನಕ ಬಂದ. ಮತ್ತೆ ಹಣೆಯಿಂದ ಶುರುಮಾಡಿದ. ಚಂದಲೆ ಮುಖ ಒಡ್ಡಿಕೊಂಡೇ ಕೂತಳು.

ಕೊನೆಗೆ ಅವನ ಕೈ ಕೆಳಗಿಳಿಯಿತು.

"ನೀನು ಎಲ್ಲಾ ನನ್ನ ಹಾಗೇ ಮಗಳೇ," ಎಂದ.

ಬಳಪಾವತಿಯಲ್ಲಿ ಆಮೇಲೆ ಕೆರೆ ತುಂಬಿತು, ಕಣಜ ತುಂಬಿತು, ಜನ ತಲೆಯೆತ್ತಿ ಶಿಲ್ಪ ನೋಡುತ್ತ ನೂರು ಕಾಲ ಸುಖವಾಗಿ ಬಾಳಿದರು. ಶಿಲ್ಪಿಗಳ ಕೇರಿಯ ಆ ಮನೆಯಲ್ಲೂ ಅಂದು ಒಲೆ ಹೊತ್ತಿತು. ಅಪ್ಪ ಮಗಳು ಒಂದೇ ತಟ್ಟೆಯಲ್ಲಿ ಉಂಡರು.