ಎರಡು ಪರದೆಯ ಮೇಜು

ಸಮುದ್ರಸ್ನಾನದ ಮನೆಗೆ ಸುತ್ತಲೂ ಇಳಿಜಾರು ದಾರಿ ಇರಲಿ ಎಂದು ಮೊದಲು ಹೇಳಿದವನು ಎಸ್ಕಿಲ್. ಕೈ ಒರೆಸುವ ಕಾಗದದ ಮೇಲೆ ಗೀಚಿ ತೋರಿಸಿದವನೂ ಅವನೇ. ಈಗ ನಕ್ಷೆಯ ಮೂಲೆಯಲ್ಲಿ ಗುನ್ವೊರಳ ಹೆಸರಿತ್ತು. ಯಜಮಾನ ಸಿಕ್ಸ್ಟನ್ ಇವತ್ತು ನಿವೃತ್ತನಾದರೆ ಅವನ ಕುರ್ಚಿಯೂ ಅವಳಿಗೇ ಎಂದು ಆ ವಾಸ್ತುಶಿಲ್ಪ ಕಚೇರಿಯೆಲ್ಲ ಮಾತಾಡುತ್ತಿತ್ತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತ್ತು. ನೆನೆದಾಗಲೆಲ್ಲ ಎಸ್ಕಿಲ್‌ಗೆ ಹೊಟ್ಟೆ ಉರಿಯುತ್ತಿತ್ತು.

ಉಪಾಯ ಸರಳವಾಗಿತ್ತು. ನಕ್ಷೆ ಸಂಜೆ ಪುರಸಭೆಗೆ ಹೋಗಬೇಕು. ಅದಕ್ಕೆ ಮೊದಲು ಇಳಿಜಾರನ್ನು ಸ್ವಲ್ಪ ಕಡಿದಾಗಿಸಿದರೆ ಸಾಕು, ಗಾಲಿಕುರ್ಚಿ ಹತ್ತಲಾರದು, ನಕ್ಷೆ ತಿರಸ್ಕೃತವಾಗುತ್ತದೆ. ಇಷ್ಟೂ ತಿಳಿಯದವಳಿಗೆ ಕುರ್ಚಿ ಯಾರು ಕೊಡುತ್ತಾರೆ? ಗುನ್ವೊರ್ ಒಮ್ಮೆ ನೋಡಿ ಮುಗಿಸಿದ್ದನ್ನು ಮತ್ತೆ ನೋಡುವವಳಲ್ಲ. ಅವಳ ಪಾಸ್‌ವರ್ಡ್ ಅವಳ ಬೆಕ್ಕಿನ ಹೆಸರೆಂದು ಎಲ್ಲರಿಗೂ ಗೊತ್ತು. ಇನ್ನು ಸಮಯವೋ, ಮಧ್ಯಾಹ್ನದ ಫೀಕಾ, ಎಲ್ಲರೂ ಕೂಡಿ ಕಾಫಿ ಕುಡಿಯುವ ಬಿಡುವು. ಉದ್ದೆವಲ್ಲಾ ಊರಿನಲ್ಲಿ ಸೂರಿಗೆ ಬೆಂಕಿ ಬಿದ್ದರೂ ಕಾಫಿ ಮುಗಿಸದೆ ಯಾರೂ ಏಳುವುದಿಲ್ಲ.

ಬೆಳಿಗ್ಗೆ ಗುನ್ವೊರ್ ತನ್ನ ಮೇಜಿನ ಕೆಳಗೆ ಮಂಡಿಯೂರಿ ಏನೋ ತಡಕಾಡುತ್ತಿದ್ದಳು.

"ಏನೇ, ಇಲಿ ಹಿಡೀತಿದ್ದೀಯಾ?"

"ಹ್ಞೂಂ ಕಣೋ, ದೊಡ್ಡ ಇಲಿ. ಸಿಕ್ಸ್ಟನ್‌ಗೆ ಹೇಳ್ಬೇಡ, ಆಮೇಲೆ ಎಲ್ರಿಗೂ ತೋರಿಸ್ತೀನಿ."

ತಲೆಕೆಟ್ಟವಳು ಎಂದುಕೊಂಡು ಎಸ್ಕಿಲ್ ಮುಂದೆ ಹೋಗಿದ್ದ.

ಮಧ್ಯಾಹ್ನ ಬೀಳ್ಕೊಡುಗೆಯ ಹಸಿರು ಕೇಕು ಕತ್ತರಿಸುವ ಹೊತ್ತಿಗೆ ಅವನು ಮೇಲೆದ್ದ. "ಅಮ್ಮನ ಫೋನು. ನನ್ನ ಪಾಲು ತಿಂದುಬಿಟ್ಟೀರಾ ಮತ್ತೆ!"

ಗುನ್ವೊರಳ ಮುಚ್ಚಿದ ಲ್ಯಾಪ್‌ಟಾಪ್ ಪರದೆಗಳನ್ನು ಜೋಡಿಸುವ ಪೆಟ್ಟಿಗೆಗೆ, ಡಾಕ್‌ಗೆ ಸಿಕ್ಕಿಸಿತ್ತು, ಎದುರಿಗೆ ಎರಡು ಮಾನಿಟರ್. ಅವನು ನಕ್ಷೆ ತೆರೆದ. ಅದು ಕಾಣಲೇ ಇಲ್ಲ. ಮೌಸ್ ಎಳೆದರೆ ಬಾಣ ಬಲಗಡೆಯ ಅಂಚು ದಾಟಿ ಮಾಯವಾಯಿತು. ದರಿದ್ರ ಡಾಕ್! ಈ ಪೆಟ್ಟಿಗೆಗಳು ಬಂದಾಗಿನಿಂದ ಒಂದು ದಿನವೂ ನೆಟ್ಟಗಿಲ್ಲ. ಇವತ್ತು ಒಂದು ಮಾನಿಟರ್ ಕಪ್ಪಾದರೆ ನಾಳೆ ಅಕ್ಷರಗಳೆಲ್ಲ ಇರುವೆಯಷ್ಟಾಗುತ್ತವೆ. ತಂತಿ ಕಿತ್ತು ಮತ್ತೆ ಸಿಕ್ಕಿಸಿದ. ಅದೇ ಹಾಡು. ಸೆಟ್ಟಿಂಗ್ ತೆರೆದರೆ ಮೂರು ಪರದೆಗಳಿವೆ ಎನ್ನುತ್ತಿತ್ತು. ಮೂರಂತೆ! ಮುಚ್ಚಿಟ್ಟ ಲ್ಯಾಪ್‌ಟಾಪನ್ನೂ ಪೆದ್ದು ಪೆಟ್ಟಿಗೆ ಲೆಕ್ಕಕ್ಕೆ ಹಿಡಿದಿದೆ ಎಂದು ಹಲ್ಲು ಕಡಿದು, ಎಲ್ಲ ಪರದೆಯಲ್ಲೂ ಒಂದೇ ಚಿತ್ರ ಬರುವಂತೆ ಮಾಡಿದ. ನಕ್ಷೆ ಕಣ್ಣೆದುರಿಗೆ ಬಂತು.

ಆಮೇಲೆ ತಡಮಾಡಲಿಲ್ಲ. ಇಳಿಜಾರನ್ನು ಹಿಡಿದೆಳೆದ, ಅಂಕಿ ತಿದ್ದಿದ, ಉಳಿಸಿದ. ಗೋಡೆಯಾಚೆಯ ನಗು ಆಗಲೇ ನಿಂತುಹೋಗಿತ್ತು. ಸಿಕ್ಸ್ಟನ್ ಭಾಷಣ ಶುರುವಾಗಿರಬೇಕು. ಎರಡೂ ಮಾನಿಟರ್ ಆರಿಸಿ, ಬಹಳ ದಿನಗಳ ಮೇಲೆ ಹಗುರಾಗಿ, ಕೇಕು ತಿನ್ನಲು ಹೊರಟ.

ಕಾಫಿ ಕೋಣೆಯಲ್ಲಿ ಯಾರೂ ಭಾಷಣ ಮಾಡುತ್ತಿರಲಿಲ್ಲ. ಅವನ ಪಾಲಿನ ಕೇಕು ಹಾಗೆಯೇ ಇತ್ತು. "ನಾವೆಲ್ಲ ಇಲ್ಲೇ ಇದೀವಿ," ಎಂದ ಸಿಕ್ಸ್ಟನ್ ಮೆಲ್ಲಗೆ, "ಹಾಗಾದ್ರೆ ಮೌಸ್ ಹಿಡಿದಿರೋರು ಯಾರು ಅಂತ ನೋಡ್ತಾ ಕೂತಿದ್ವಿ." ಯಜಮಾನನ ಹಳೆಯ ಫೋಟೋ ತೋರಿಸಲೆಂದು ಗುನ್ವೊರ್ ಬೆಳಿಗ್ಗೆ ತನ್ನ ಡಾಕ್‌ನಿಂದ ಎಳೆದಿದ್ದ ತಂತಿ ಗೋಡೆಯ ತೂತಿನಿಂದ ಈಚೆ ಬಂದು ದೊಡ್ಡ ಪರದೆಗೆ ಸೇರಿತ್ತು. ಅದರ ಮೇಲೆ ಎಸ್ಕಿಲ್ ತಿದ್ದಿದ ಅಂಕಿಯ ಪಕ್ಕದಲ್ಲೇ ಅವನು ಬಿಟ್ಟುಬಂದ ಬಾಣ ಇನ್ನೂ ನಿಂತಿತ್ತು.